ಹಳೆ ವಿದ್ಯಾರ್ಥಿಗಳ ಸಂಘದ ಮೂಲಕ ಉದ್ಯೋಗ ಮತ್ತು ತಜ್ಞರ ಉಪನ್ಯಾಸ: ತಾಲ್ಲೂಕು ಕಾಲೇಜುಗಳಿಗೊಂದು ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ಅನೇಕವು ತಾಲ್ಲೂಕು ಕೇಂದ್ರಗಳಲ್ಲೂ ಅದಕ್ಕಿಂತ ಚಿಕ್ಕ ಊರುಗಳಲ್ಲೂ ಇದ್ದು, ಅಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ. ಓದುವ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಪದವಿ ತರಗತಿಗೆ ಬಂದ ಮೊದಲಿಗರು. ದೊಡ್ಡ ನಗರಗಳ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರುವಂತೆ ಕಂಪನಿಗಳು ಇಲ್ಲಿಗೆ ಕ್ಯಾಂಪಸ್ ಸಂದರ್ಶನಕ್ಕೆ ಸಾಲುಗಟ್ಟಿ ಬರುವುದಿಲ್ಲ. ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಎಂದು ಹೇಳಬಲ್ಲವರು ಮನೆಯಲ್ಲೂ ಇರುವುದಿಲ್ಲ. ಆದರೆ ಇದೇ ಕಾಲೇಜಿನಲ್ಲಿ ಓದಿದವರು ಜಿಗಣಿಯ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಪೀಣ್ಯದ ಸ್ಟೋರ್ ವಿಭಾಗದಲ್ಲಿ, ಹುಬ್ಬಳ್ಳಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕರ ಹುದ್ದೆಯಲ್ಲಿ, ದುಬೈನ ಸರಕು ಸಾಗಣೆ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿರುತ್ತಾರೆ. ಅವರಿಗೂ ಇಂದು ಕೊನೆಯ ಸೆಮಿಸ್ಟರ್‌ನಲ್ಲಿರುವವರಿಗೂ ನಡುವೆ ಸಂಪರ್ಕ ಏರ್ಪಡಿಸಬೇಕಾದ ಹಳೆ ವಿದ್ಯಾರ್ಥಿಗಳ ಸಂಘ ಹೆಸರಿಗೆ ಇದ್ದೇ ಇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಐದನೇ ಮಾನದಂಡದಲ್ಲಿ ನೋಂದಾಯಿತ ಹಳೆ ವಿದ್ಯಾರ್ಥಿಗಳ ಸಂಘದ ಕೊಡುಗೆಯನ್ನು ಪರಿಶೀಲಿಸುವುದರಿಂದ, ಕಡತದಲ್ಲಂತೂ ಅದು ಚುರುಕಾಗಿಯೇ ಇರುತ್ತದೆ. ಕಡತದ ಹೊರಗೆ ನೋಡಿದರೆ ಒಂದು ಗುರುವಂದನೆ, ಒಂದು ಸ್ನೇಹ ಸಮ್ಮಿಲನ, ಒಂದು ಸನ್ಮಾನ, ಭೋಜನದ ಫೋಟೋಗಳು, ಆಮೇಲೆ ವರ್ಷವಿಡೀ ಶುಭೋದಯದ ಸಂದೇಶಗಳು. ಈ ಮಾರ್ಗದರ್ಶಿ ಅಂಥ ಸಂಘವನ್ನು ಕೆಲಸಕ್ಕೆ ಹಚ್ಚಬೇಕೆಂದಿರುವ ಪದಾಧಿಕಾರಿಗಳಿಗಾಗಿ.

ಹಳೆ ವಿದ್ಯಾರ್ಥಿಗಳ ಜಾಲದಿಂದ ಉದ್ಯೋಗ ಸಿಗುವುದು ಹೇಗೆ ಎಂಬುದಕ್ಕೆ ಸಮಾಜಶಾಸ್ತ್ರದಲ್ಲಿ ಒಂದು ಹಳೆಯ ಉತ್ತರವಿದೆ. ಅಮೆರಿಕದ ಬೋಸ್ಟನ್ ಬಳಿಯ ನ್ಯೂಟನ್ ಎಂಬಲ್ಲಿ ಇತ್ತೀಚೆಗೆ ಕೆಲಸ ಬದಲಿಸಿದವರನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ವಿಚಾರಿಸಿದಾಗ, ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಶೇ. 16.7ರಷ್ಟು ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ್ಗೆ ಕಾಣುತ್ತಿದ್ದರು, ಶೇ. 55.6ರಷ್ಟು ಮಂದಿ ಆಗೊಮ್ಮೆ ಈಗೊಮ್ಮೆ, ಶೇ. 27.8ರಷ್ಟು ಮಂದಿ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಭೇಟಿಯಾಗುತ್ತಿದ್ದರು. ಇದು ಪ್ರಕಟವಾದದ್ದು 1973ರಲ್ಲಿ. ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಾತ್ಮಕ ಅಧ್ಯಯನವೂ, ತೀರಾ ಹತ್ತಿರದವರಿಗಿಂತ ಒಂದಿಷ್ಟು ದೂರದ ಪರಿಚಯಗಳೇ ಕೆಲಸ ಬದಲಾವಣೆಗೆ ಹೆಚ್ಚು ನೆರವಾಗುತ್ತವೆ ಎಂಬುದನ್ನು ತೋರಿಸಿತು. ಕಾರಣ ಸರಳ: ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಬೇರೆ ಊರು, ಬೇರೆ ಕಚೇರಿಗಳಲ್ಲಿ ಓಡಾಡುವವರ ಬಳಿ ಮಾತ್ರ ನಾವು ಕೇಳಿರದ ಸುದ್ದಿ ಇರುತ್ತದೆ.

ಹೀಗಾಗಿ ಸಂಘದ ಮುಖ್ಯ ಕೆಲಸ, ಪರಸ್ಪರ ಮುಖ ನೋಡಿರದ ಹಿರಿಯರನ್ನೂ ಕಿರಿಯರನ್ನೂ ಕನಿಷ್ಠ ಹೆಸರು ಹಿಡಿದು ಮಾತನಾಡಿಸುವಷ್ಟು ಪರಿಚಿತರನ್ನಾಗಿ ಮಾಡುವುದು. ತಜ್ಞರ ಉಪನ್ಯಾಸ ಇರುವುದು ಅದಕ್ಕಾಗಿಯೇ. ಹೆಚ್ಚಿನ ಸಂಘಗಳಲ್ಲಿ ಉಪನ್ಯಾಸ ಒಂದು ಸಮಿತಿಯ ಕೆಲಸ, ಉದ್ಯೋಗ ಮಾಹಿತಿ ಇನ್ನೊಂದು ಸಮಿತಿಯ ಕೆಲಸ ಆಗಿರುತ್ತದೆ. ಈ ವಿಂಗಡಣೆಯೇ ಎರಡನ್ನೂ ನಿಷ್ಫಲಗೊಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಕೆಳಗಿನ ಹಂತಗಳು ಉಪನ್ಯಾಸದಿಂದ ಹೊರಟು ಉದ್ಯೋಗದ ಕಡೆಗೆ ಸಾಗುತ್ತವೆ.

ಹಂತ 1: ಕೆಲಸ ಮಾಡುವ ಮೂವರನ್ನು ಗುರುತಿಸಿ, ಸಂಘವನ್ನು ನೋಂದಾಯಿಸಿ

ಅಧ್ಯಕ್ಷರು ಯಾರಾಗಬೇಕೆಂಬ ಚರ್ಚೆಯಲ್ಲಿ ಸಂಘಗಳು ಕಳೆಯುವಷ್ಟು ಸಮಯವನ್ನು ಇಲ್ಲಿ ಕಳೆಯುವ ಅಗತ್ಯವಿಲ್ಲ. ವಾರಕ್ಕೆ ಎರಡು ಮೂರು ಗಂಟೆ ನಿಯಮಿತವಾಗಿ ಕೊಡಬಲ್ಲ ಮೂವರು ಬೇಕು: ಪಟ್ಟಿ ನೋಡಿಕೊಳ್ಳುವವರು ಒಬ್ಬರು, ಉಪನ್ಯಾಸಗಳನ್ನು ಏರ್ಪಡಿಸುವವರು ಒಬ್ಬರು, ಉದ್ಯೋಗ ಮಾಹಿತಿಯನ್ನು ಪರಿಶೀಲಿಸಿ ಹಂಚುವವರು ಒಬ್ಬರು. ಮೂವರಲ್ಲಿ ಒಬ್ಬರಾದರೂ ಮಹಿಳೆಯಾಗಿರುವುದು ಕಡ್ಡಾಯವೆಂದೇ ತಿಳಿಯಿರಿ. ಅದರ ಕಾರಣ ಮುಂದೆ ಬರುತ್ತದೆ. ಇವರು ಇತ್ತೀಚಿನ 5ರಿಂದ 10 ವರ್ಷಗಳ ಬ್ಯಾಚಿನವರಾಗಿದ್ದರೆ ಅನುಕೂಲ. ನಿವೃತ್ತರಿಗೆ ಸಮಯವೂ ಗೌರವವೂ ಇರುತ್ತದೆ, ಆದರೆ ಇಂದು ಅರ್ಜಿ ಹಾಕುವ, ಸಂದರ್ಶನ ನಡೆಯುವ ಕ್ರಮದ ಬಿಸಿ ತಾಗಿರುವುದು ಚಿಕ್ಕವರಿಗೆ. ಕಾಲೇಜಿನ ಕಡೆಯಿಂದ ಉದ್ಯೋಗ ಮಾಹಿತಿ ಕೋಶದ ಅಧ್ಯಾಪಕರೊಬ್ಬರು ಜೊತೆಗಿರಲಿ. ಆದರೆ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ವರ್ಗಾವಣೆ ಇರುತ್ತದೆ ಎಂಬುದನ್ನು ಮರೆತು ಎಲ್ಲವನ್ನೂ ಅವರೊಬ್ಬರ ಫೋನಿನಲ್ಲಿ ಇಡಬಾರದು.

ನೋಂದಣಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಆಗಬೇಕು. ಕನಿಷ್ಠ 7 ಮಂದಿ ಸೇರಿ, ಸಂಘದ ಉದ್ದೇಶಗಳನ್ನು ಹೇಳುವ ಜ್ಞಾಪನಾ ಪತ್ರವನ್ನೂ ನಿಯಮಾವಳಿಯನ್ನೂ ಸಿದ್ಧಪಡಿಸಿ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉದ್ದೇಶಗಳ ಪಟ್ಟಿಯಲ್ಲಿ ಸದಸ್ಯರಿಗೆ ಉದ್ಯೋಗ ಮಾರ್ಗದರ್ಶನ, ತರಬೇತಿ, ಉಪನ್ಯಾಸ ಎಂಬ ಮಾತುಗಳು ಸ್ಪಷ್ಟವಾಗಿ ಇರಲಿ. ನೋಂದಣಿಯ ನಂತರ ವಾರ್ಷಿಕ ಮಹಾಸಭೆ, ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಇವನ್ನು ಪ್ರತಿ ವರ್ಷ ಸಲ್ಲಿಸುವ ಹೊಣೆಯೂ ಬರುತ್ತದೆ; ಇದನ್ನು ಬಿಟ್ಟ ಸಂಘಗಳು ಆಮೇಲೆ ನವೀಕರಣಕ್ಕಾಗಿ ಅಲೆದಾಡುತ್ತವೆ. ನೋಂದಣಿ ಮುಗಿಯುವವರೆಗೆ ಉಪನ್ಯಾಸಗಳನ್ನು ತಡೆಹಿಡಿಯಬೇಕಾಗಿಲ್ಲ.

ಹಂತ 2: ಪಟ್ಟಿ ತಯಾರಿಸಿ, ಒಪ್ಪಿಗೆ ಪಡೆದು

ಕಾಲೇಜಿನ ಪ್ರವೇಶ ದಾಖಲಾತಿಯಲ್ಲಿ ಹೆಸರುಗಳು ಸಿಗುತ್ತವೆ, ಚಾಲ್ತಿಯಲ್ಲಿರುವ ಫೋನ್ ಸಂಖ್ಯೆಗಳು ಸಿಗುವುದಿಲ್ಲ. ಪ್ರತಿ ಬ್ಯಾಚಿಗೂ, ಅದರೊಳಗೆ ಪ್ರತಿ ವಿಭಾಗಕ್ಕೂ ಒಬ್ಬ ಪ್ರತಿನಿಧಿಯನ್ನು ಹುಡುಕುವುದು ನಂಬಬಹುದಾದ ದಾರಿ. ಎಲ್ಲ ಬ್ಯಾಚುಗಳಲ್ಲೂ ಎಲ್ಲರ ಮದುವೆಗೂ ಹೋಗುವ ಒಬ್ಬರು ಇದ್ದೇ ಇರುತ್ತಾರೆ. ನಿಮಗೆ ಬೇಕಾದ ಪ್ರತಿನಿಧಿ ಅವರೇ. ಹಿಂದಿನ ಬ್ಯಾಚುಗಳಿಂದ ಆರಂಭಿಸುವ ಉತ್ಸಾಹ ಸಹಜ. ಆದರೂ ಕಳೆದ 10 ವರ್ಷಗಳವರಿಂದ ಆರಂಭಿಸಿ ಹಿಂದಕ್ಕೆ ಹೋಗುವುದು ಒಳ್ಳೆಯದು, ಏಕೆಂದರೆ ಹೊಸಬರ ನೇಮಕಾತಿಯ ಸುದ್ದಿ ಅವರಿಗೆ ಮೊದಲು ತಿಳಿಯುತ್ತದೆ.

ಕೇಳಬೇಕಾದ ಮಾಹಿತಿ ಸ್ವಲ್ಪವೇ ಇರಲಿ: ಹೆಸರು, ಪದವಿ ಮುಗಿಸಿದ ವರ್ಷ, ವಿಭಾಗ, ಈಗಿನ ಊರು, ಕೆಲಸದ ಕ್ಷೇತ್ರ, ಸಂಪರ್ಕಿಸಬೇಕಾದ ವಿಧಾನ. ಇದರ ಜೊತೆಗೆ ಒಂದು ಪ್ರಶ್ನೆಗೆ ಹೆಚ್ಚು ಜಾಗ ಕೊಡಿ, ಅದೇ ನೀವು ಏನು ಕೊಡಬಲ್ಲಿರಿ ಎಂಬುದು. ಉತ್ತರಗಳನ್ನು ಮೊದಲೇ ಬರೆದಿಟ್ಟರೆ ಗುರುತು ಹಾಕುವುದು ಸುಲಭ: ಫೋನಿನಲ್ಲಿ 20 ನಿಮಿಷ ಮಾತನಾಡಬಲ್ಲೆ, ಒಂದು ರೆಸ್ಯೂಮೆ ತಿದ್ದಿಕೊಡಬಲ್ಲೆ, ಅಣಕು ಸಂದರ್ಶನ ನಡೆಸಬಲ್ಲೆ, ನಮ್ಮಲ್ಲಿ ಖಾಲಿಯಾದ ಹುದ್ದೆಯ ಸುದ್ದಿ ತಿಳಿಸಬಲ್ಲೆ, ಉಪನ್ಯಾಸ ಕೊಡಬಲ್ಲೆ, ಬೆಂಗಳೂರಿಗೆ ಮೊದಲ ಸಲ ಬರುವವರಿಗೆ ಪಿಜಿ ಹುಡುಕಿಕೊಡಬಲ್ಲೆ. ಕೊನೆಯದನ್ನು ಕ್ಷುಲ್ಲಕವೆಂದು ತಳ್ಳಿಹಾಕಬೇಡಿ. ಮೊದಲ ತಿಂಗಳ ಸಂಬಳ ಕೈಗೆ ಬರುವವರೆಗೆ ಉಳಿಯಲು ಜಾಗವಿಲ್ಲವೆಂಬ ಕಾರಣಕ್ಕೆ ಸಿಕ್ಕ ಕೆಲಸ ಬಿಟ್ಟವರು ಇದ್ದಾರೆ.

ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸುತ್ತೇವೆ, ಯಾರು ನೋಡುತ್ತಾರೆ, ತೆಗೆಸಬೇಕಾದರೆ ಯಾರಿಗೆ ಹೇಳಬೇಕು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆದು ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಇಡೀ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಮೊದಲ ದಿನವೇ ನಿಷೇಧಿಸಿ. ಹಾಗೆ ಹೊರಬಿದ್ದ ಪಟ್ಟಿ ವಾರದೊಳಗೆ ವಿಮೆ ಏಜೆಂಟರನ್ನೂ ಚುನಾವಣಾ ಪ್ರಚಾರಕರನ್ನೂ ತಲುಪುತ್ತದೆ. ಹೆಣ್ಣುಮಕ್ಕಳು ಅಪರಿಚಿತರ ಕರೆಗಳಿಗೆ ಬೇಸತ್ತು ಗುಂಪು ತೊರೆಯುತ್ತಾರೆ. ವಿದ್ಯಾರ್ಥಿನಿಯರ ಸಂಪರ್ಕವೆಲ್ಲ ಮಹಿಳಾ ಸಂಚಾಲಕಿಯ ಮೂಲಕ ಸಾಗುವ ವ್ಯವಸ್ಥೆ ಇದ್ದರೆ ಅವರು ಉಳಿಯುತ್ತಾರೆ.

ಹಂತ 3: ಉಪನ್ಯಾಸಕ್ಕೆ ಸರಿಯಾದ ವ್ಯಕ್ತಿಯನ್ನೂ ವಿಷಯವನ್ನೂ ಆರಿಸಿ

ಸಂಘಗಳು ಸಾಮಾನ್ಯವಾಗಿ ಅತ್ಯಂತ ದೊಡ್ಡ ಹುದ್ದೆಯಲ್ಲಿರುವ ಹಳೆ ವಿದ್ಯಾರ್ಥಿಯನ್ನು ಕರೆಯುತ್ತವೆ. ಅವರು ಬಡತನ, ಪರಿಶ್ರಮ, ಛಲ ಎಂಬ ಮೂರು ವಿಷಯಗಳ ಮೇಲೆ ಒಂದೂವರೆ ಗಂಟೆ ಮಾತನಾಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಯಾರಿಗೂ ಏನು ಮಾಡಬೇಕೆಂದು ತಿಳಿದಿರುವುದಿಲ್ಲ. ಅದರ ಬದಲು ವಿದ್ಯಾರ್ಥಿಗಳಿಗಿಂತ ಮೂರು ನಾಲ್ಕು ವರ್ಷ ಮುಂದಿರುವವರನ್ನು ಕರೆಯಿರಿ. ಬಿ.ಎಸ್ಸಿ. ರಸಾಯನಶಾಸ್ತ್ರ ಓದಿ ಔಷಧ ಕಂಪನಿಯ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ ಎರಡು ವರ್ಷ ಕೆಲಸ ಮಾಡಿದವರು, ಔಷಧದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ದಿನ ಹೇಗೆ ಕಳೆಯುತ್ತದೆ, ರಾತ್ರಿ ಪಾಳಿ ತಿಂಗಳಿಗೆ ಎಷ್ಟು ಬರುತ್ತದೆ, ದಾಖಲೆ ಬರೆಯುವಾಗ ಒಂದು ಅಂಕಿ ತಿದ್ದಿದರೂ ಏಕೆ ಸಹಿ ಹಾಕಬೇಕು, ಸಂದರ್ಶನದಲ್ಲಿ ಮೋಲಾರಿಟಿ ಮತ್ತು ನಾರ್ಮಾಲಿಟಿಯ ವ್ಯತ್ಯಾಸವನ್ನೇ ಏಕೆ ಮತ್ತೆ ಮತ್ತೆ ಕೇಳುತ್ತಾರೆ ಎಂಬುದನ್ನು ಹೇಳಬಲ್ಲರು. ನಿರ್ದೇಶಕರ ಹುದ್ದೆಗೇರಿದವರಿಗೆ ಇವೆಲ್ಲ ಮರೆತುಹೋಗಿರುತ್ತವೆ. ಉನ್ನತ ಹುದ್ದೆಯವರನ್ನು ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ಕರೆಯಲು ಅಡ್ಡಿಯಿಲ್ಲ.

ವಿಷಯ ಎಷ್ಟು ಕಿರಿದಾಗಿರುತ್ತದೋ ಅಷ್ಟು ಒಳ್ಳೆಯದು. ‘ವಾಣಿಜ್ಯ ಪದವೀಧರರಿಗೆ ಇರುವ ಅವಕಾಶಗಳು’ ಎಂಬ ವಿಷಯ ಕೊಟ್ಟರೆ ಭಾಷಣ ಬರುತ್ತದೆ. ‘ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮೊದಲ ಆರು ತಿಂಗಳು: ಟ್ಯಾಲಿ, ಜಿಎಸ್‌ಟಿ ರಿಟರ್ನ್ ಮತ್ತು ಗ್ರಾಹಕರ ಫೋನ್’ ಎಂಬ ವಿಷಯ ಕೊಟ್ಟರೆ ಮಾಹಿತಿ ಬರುತ್ತದೆ. ಬ್ಯಾಂಕ್ ಪರೀಕ್ಷೆಗಳ ಬಗ್ಗೆ ಮಾತನಾಡುವವರು ಐಬಿಪಿಎಸ್ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬಲ್ಲಿಂದ ಆರಂಭಿಸಲಿ, ಏಕೆಂದರೆ ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಹಾಕದವರು ಸಭೆಯಲ್ಲಿ ಕುಳಿತಿರುತ್ತಾರೆ. ಕೆಪಿಎಸ್‌ಸಿ ಪರೀಕ್ಷೆಯಲ್ಲಿ ಗೆದ್ದವರ ಜೊತೆಗೆ, ಕೆಲವು ವರ್ಷ ಪ್ರಯತ್ನಿಸಿ ಆಯ್ಕೆಯಾಗದೆ ಬೇರೆ ಕ್ಷೇತ್ರಕ್ಕೆ ಹೋಗಿ ನೆಲೆಯಾದವರನ್ನೂ ಒಪ್ಪಿಸಿ ಕರೆತನ್ನಿ. ಯಾವ ವಯಸ್ಸಿಗೆ ತಯಾರಿ ನಿಲ್ಲಿಸಬೇಕು, ಆ ನಡುವಿನ ವರ್ಷಗಳನ್ನು ಸಂದರ್ಶನದಲ್ಲಿ ಹೇಗೆ ವಿವರಿಸಬೇಕು ಎಂಬ ಪ್ರಶ್ನೆಗೆ ಅವರಷ್ಟು ಪ್ರಾಮಾಣಿಕ ಉತ್ತರ ಇನ್ನಾರಿಂದಲೂ ಸಿಗುವುದಿಲ್ಲ.

ದಿನ ಗೊತ್ತುಪಡಿಸುವಾಗ ಉಪನ್ಯಾಸಕರ ವೃತ್ತಿಯ ಕ್ಯಾಲೆಂಡರ್ ನೋಡಿ. ತೆರಿಗೆ ಕೆಲಸದವರಿಗೆ ಪ್ರತಿ ತಿಂಗಳ 11 ಮತ್ತು 20ನೇ ತಾರೀಖು ಜಿಎಸ್‌ಟಿ ರಿಟರ್ನ್‌ಗಳ ಗಡುವು, ಆದಾಯ ತೆರಿಗೆಯ ಗಡುವುಗಳ ಕಾಲದಲ್ಲಂತೂ ಅವರಿಗೆ ಪುರುಸೊತ್ತೇ ಇಲ್ಲ. ಬ್ಯಾಂಕಿನವರಿಗೆ ಮಾರ್ಚ್ ಕೊನೆ ಬೇಡ. ವಿದೇಶದಲ್ಲಿರುವವರು ಆನ್‌ಲೈನ್‌ನಲ್ಲಿ ಮಾತನಾಡುವುದಾದರೆ ಭಾನುವಾರ ಸಂಜೆ 7.30 ಬಹುತೇಕ ಎಲ್ಲರಿಗೂ ಹೊಂದುತ್ತದೆ. ಆಗ ದುಬೈನಲ್ಲಿ ಸಂಜೆ 6, ಬೇಸಿಗೆಯ ಲಂಡನ್ನಿನಲ್ಲಿ ಮಧ್ಯಾಹ್ನ 3, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10 ಗಂಟೆ; ಕ್ಯಾಲಿಫೋರ್ನಿಯಾದವರು ಮಾತ್ರ 7 ಗಂಟೆಗೇ ಏಳಬೇಕು. ಹಳ್ಳಿಯ ವಿದ್ಯಾರ್ಥಿಗಳಿಗೆ ಇದರಿಂದ ಇನ್ನೊಂದು ಅನುಕೂಲವಿದೆ, ಕೊನೆಯ ಬಸ್ಸಿನ ಚಿಂತೆಯಿಲ್ಲ. ಕಾಲೇಜಿನಲ್ಲೇ ನಡೆಸುವುದಾದರೆ ಆ ಚಿಂತೆ ನಿಮ್ಮದಾಗಿರಲಿ, ಮಧ್ಯಾಹ್ನ 3 ಗಂಟೆಯೊಳಗೆ ಮುಗಿಸಿ.

ಉಪನ್ಯಾಸ ಕನ್ನಡದಲ್ಲಿರಲಿ, ಕ್ಷೇತ್ರದ ಪಾರಿಭಾಷಿಕ ಪದಗಳು ಇರುವ ಹಾಗೆಯೇ ಬರಲಿ. ಸಂದರ್ಶನದಲ್ಲಿ ಆ ಪದಗಳನ್ನೇ ಕೇಳುವುದರಿಂದ ಅವುಗಳ ಕಿವಿಪರಿಚಯ ಬೇಕು. ಸಮಯದ ಹಂಚಿಕೆಯಲ್ಲಿ ಮಾತಿಗೆ 30 ನಿಮಿಷ, ಪ್ರಶ್ನೆಗಳಿಗೆ 40 ನಿಮಿಷ. ಸ್ವಾಗತ, ಪ್ರಾರ್ಥನೆ, ಪರಿಚಯ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಇವೆಲ್ಲ ಸೇರಿ 10 ನಿಮಿಷ ಮೀರಬಾರದು. ಈ ನಿಯಮವನ್ನು ಜಾರಿಗೊಳಿಸಲು ಸಂಚಾಲಕರಿಗೆ ಧೈರ್ಯ ಬೇಕು. ನಮ್ಮ ಮಕ್ಕಳು ತುಂಬಿದ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವುದಿಲ್ಲ. ಅವರ ಪ್ರಶ್ನೆಗಳನ್ನು ಮೂರು ದಿನ ಮೊದಲೇ ಚೀಟಿಯಲ್ಲಿ ಅಥವಾ ಗೂಗಲ್ ಫಾರ್ಮ್‌ನಲ್ಲಿ ಹೆಸರಿಲ್ಲದೆ ಪಡೆದು ಉಪನ್ಯಾಸಕರಿಗೆ ಕಳುಹಿಸಿ. ಸಂಬಳ ಎಷ್ಟು, ಹುಡುಗಿಯರಿಗೆ ರಾತ್ರಿ ಪಾಳಿಯಿದ್ದರೆ ವಾಹನವಿರುತ್ತದೆಯೇ, ಇಂಗ್ಲಿಷ್ ಬಾರದಿದ್ದರೆ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಅವಕ್ಕೆ ನೇರ ಉತ್ತರ ಕೊಡಲು ಒಪ್ಪುವವರನ್ನೇ ಕರೆಯಿರಿ.

ಹಂತ 4: ಉಪನ್ಯಾಸದ ಮರುದಿನದಿಂದ ಎರಡು ವಾರ

ಉಪನ್ಯಾಸ ಮುಗಿಯುವ ಮೊದಲು, ಈ ಕ್ಷೇತ್ರಕ್ಕೆ ನಿಜವಾಗಿಯೂ ಹೋಗಬೇಕೆಂದಿರುವವರು ಹೆಸರು ಬರೆಸಲಿ ಎಂದು ಹೇಳಿ. ಸಭೆಯಲ್ಲಿ ನೂರು ಮಂದಿ ಇದ್ದರೂ ಬರೆಸುವವರು ಹತ್ತಿಪ್ಪತ್ತು ಮಂದಿ ಇರಬಹುದು, ಅದರಿಂದ ನಿರಾಶೆ ಬೇಡ. ಅವರಿಗೆ ಉಪನ್ಯಾಸಕರು ಎರಡು ವಾರದೊಳಗೆ ಮಾಡಬಹುದಾದ ಒಂದು ಚಿಕ್ಕ ಕೆಲಸ ಕೊಡಬೇಕು. ಲೆಕ್ಕಪತ್ರದ ಉಪನ್ಯಾಸವಾಗಿದ್ದರೆ ಊರಿನ ಒಂದು ಅಂಗಡಿಯ ತಿಂಗಳ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸುವುದು, ಪ್ರಯೋಗಾಲಯದ ವಿಷಯವಾಗಿದ್ದರೆ ಹತ್ತು ಮೂಲ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸುವುದು, ಗ್ರಾಹಕ ಸೇವೆಯದಾಗಿದ್ದರೆ ಎರಡು ನಿಮಿಷದ ಇಂಗ್ಲಿಷ್ ಮಾತನ್ನು ಧ್ವನಿಮುದ್ರಿಸಿ ಕಳುಹಿಸುವುದು. ಮುಗಿಸಿದವರನ್ನು, ಅವರು ಐವರೇ ಆಗಿರಲಿ, ಉಪನ್ಯಾಸಕರ ಜೊತೆ ಅರ್ಧ ಗಂಟೆಯ ಚಿಕ್ಕ ಭೇಟಿಗೆ ಕೂರಿಸಿ. ಆ ಅರ್ಧ ಗಂಟೆಯಲ್ಲಿ ಹಿರಿಯರಿಗೆ ಇವರಲ್ಲಿ ಪ್ರತಿಯೊಬ್ಬರ ಹೆಸರು, ಕೆಲಸದ ರೀತಿ, ಬರವಣಿಗೆ ಎಲ್ಲ ಗೊತ್ತಾಗುತ್ತದೆ. ನಾಳೆ ಅವರ ಕಚೇರಿಯಲ್ಲಿ ಒಂದು ಜಾಗ ಖಾಲಿಯಾದಾಗ ನೆನಪಿಗೆ ಬರುವುದು ಆ ಐದು ಹೆಸರುಗಳೇ. ಗ್ರಾನೊವೆಟರ್ ಹೇಳಿದ ದೂರದ ಪರಿಚಯ ಹುಟ್ಟುವುದು ಇಲ್ಲಿ.

ಹಿರಿಯರಿಗೆ ಸಂದೇಶ ಬರೆಯುವುದನ್ನೂ ಕಲಿಸಬೇಕಾಗುತ್ತದೆ. ‘ಹಾಯ್ ಸರ್, ಜಾಬ್ ಇದ್ರೆ ಹೇಳಿ’ ಎಂಬ ಸಂದೇಶಕ್ಕೆ ಒಳ್ಳೆಯವರೂ ಉತ್ತರಿಸುವುದಿಲ್ಲ, ಏಕೆಂದರೆ ಅದಕ್ಕೆ ಏನು ಉತ್ತರಿಸಬೇಕೆಂದು ಅವರಿಗೂ ತಿಳಿಯುವುದಿಲ್ಲ. ಒಂದು ಮಾದರಿ ಹೀಗಿರಬಹುದು: ‘ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನ ಈ ವರ್ಷದ ಬಿ.ಕಾಂ. ವಿದ್ಯಾರ್ಥಿ. ಕಳೆದ ಭಾನುವಾರ ನೀವು ಜಿಎಸ್‌ಟಿ ಕೆಲಸದ ಬಗ್ಗೆ ಮಾತನಾಡಿದ್ದನ್ನು ಕೇಳಿದೆ. ನೀವು ಹೇಳಿದಂತೆ ಒಂದು ಕಿರಾಣಿ ಅಂಗಡಿಯ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸಿದ್ದೇನೆ. ವಾಪಸು ಬಂದ ಸರಕನ್ನು ತೋರಿಸುವ ಬಗೆ ಗೊತ್ತಾಗಲಿಲ್ಲ. ನಿಮಗೆ ಬಿಡುವಾದಾಗ ಹತ್ತು ನಿಮಿಷ ಕರೆ ಮಾಡಬಹುದೇ?’ ಇಲ್ಲಿ ಕೆಲಸದ ಬೇಡಿಕೆಯೇ ಇಲ್ಲ. ಕೆಲಸಕ್ಕೆ ಸಿದ್ಧವಿರುವವನು ಎಂಬುದು ಮಾತ್ರ ಓದಿದವರಿಗೆ ಅರ್ಥವಾಗುತ್ತದೆ.

ಹಂತ 5: ಉದ್ಯೋಗ ಮಾಹಿತಿಯನ್ನು ಪರಿಶೀಲಿಸಿ ಹಂಚಿ

ಒಂದು ವಾಟ್ಸಾಪ್ ಗುಂಪಿನಲ್ಲಿ 1,024 ಸದಸ್ಯರವರೆಗೆ ಸೇರಿಸಬಹುದು, ಆದರೆ ಎಲ್ಲರೂ ಬರೆಯಬಹುದಾದ ಅಷ್ಟು ದೊಡ್ಡ ಗುಂಪಿನಲ್ಲಿ ಕೆಲಸದ ಸುದ್ದಿ ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೂತುಹೋಗುತ್ತದೆ. ಉದ್ಯೋಗಕ್ಕೆಂದೇ ಪ್ರತ್ಯೇಕ ಗುಂಪು ಇರಲಿ, ಅದರಲ್ಲಿ ಸಂಚಾಲಕರು ಮಾತ್ರ ಬರೆಯುವಂತಿರಲಿ. ಸದಸ್ಯರು ಸಂಚಾಲಕರಿಗೆ ಕಳುಹಿಸಬೇಕು, ಸಂಚಾಲಕರು ಪರಿಶೀಲಿಸಿ ಹಾಕಬೇಕು. ಫಾರ್ವರ್ಡ್ ಆಗಿ ಬಂದ ಪೋಸ್ಟರ್ ಚಿತ್ರಗಳನ್ನು ಹಾಗೆಯೇ ಹಾಕುವುದು ಬೇಡವೇ ಬೇಡ.

ಪ್ರತಿ ಪ್ರಕಟಣೆಯಲ್ಲೂ ಹುದ್ದೆಯ ಹೆಸರು, ದಿನನಿತ್ಯದ ಕೆಲಸ ಏನು, ಊರು ಮತ್ತು ಬಡಾವಣೆ, ವಿದ್ಯಾರ್ಹತೆ, ಪಾಳಿ, ಕಂಪನಿಯ ನೇರ ನೇಮಕಾತಿಯೋ ಗುತ್ತಿಗೆ ಏಜೆನ್ಸಿಯ ಮೂಲಕವೋ, ಇಂತಿಷ್ಟು ಕಾಲ ಕೆಲಸ ಬಿಡುವಂತಿಲ್ಲವೆಂಬ ಬಾಂಡ್ ಇದೆಯೇ, ಪಿಎಫ್ ಮತ್ತು ಇಎಸ್‌ಐ ಇವೆಯೇ, ಕೊನೆಯ ದಿನಾಂಕ, ಈ ಸುದ್ದಿ ಕೊಟ್ಟ ಹಳೆ ವಿದ್ಯಾರ್ಥಿಗೂ ಆ ಸಂಸ್ಥೆಗೂ ಇರುವ ಸಂಬಂಧ ಇವು ಇರಬೇಕು. ಸಂಬಳವನ್ನು ಬರೆಯುವಾಗ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲೂ ಸಾಮಾನ್ಯವಾಗಿ ಸೇರಿರುತ್ತದೆ, ನೌಕರನ ಪಾಲು ಬೇರೆ ಕಡಿತವಾಗುತ್ತದೆ, ಹಾಗಾಗಿ ತಿಂಗಳಿಗೆ 20,000 ಎಂದು ಕೇಳಿಕೊಂಡು ಹೋದವನ ಖಾತೆಗೆ ಅದಕ್ಕಿಂತ ಕಡಿಮೆ ಬಂದಾಗ ಅವನು ದೂರುವುದು ಸಂಘವನ್ನೇ. ಕೈಗೆ ಬರುವ ಮೊತ್ತವನ್ನು, ಅದರಲ್ಲಿ ಊಟ ಮತ್ತು ಬಸ್ಸಿಗೆ ಹಿಡಿಯುವುದಿದ್ದರೆ ಅದನ್ನೂ, ವಿಚಾರಿಸಿ ಬರೆಯಿರಿ.

ಖಾಯಂ ಹುದ್ದೆಗಳ ಜೊತೆಗೆ ಅಪ್ರೆಂಟಿಸ್ ಅವಕಾಶಗಳನ್ನೂ ಹುಡುಕಿ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ನಂತರ ಎಂಜಿನಿಯರಿಂಗ್ ಓದದ ಪದವೀಧರರಿಗೂ ಬಾಗಿಲು ತೆರೆದಿದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಶಿಷ್ಯವೇತನದ ಅರ್ಧ ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಕೈಗಾರಿಕೆ ನಡೆಸುವ ಹಳೆ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಸಂಗತಿ ತಿಳಿದಿರುವುದಿಲ್ಲ. ಅವರಿಗೆ ಅರ್ಥಮಾಡಿಸಲು ಒಂದು ಉಪನ್ಯಾಸ ಏರ್ಪಡಿಸಿ, ಈ ಬಾರಿ ಕೇಳುಗರ ಸಾಲಿನಲ್ಲಿ ಉದ್ಯಮಿಗಳು ಕೂರಲಿ.

ಹುದ್ದೆಗಳ ಸುದ್ದಿ ತಾನಾಗಿ ಬರುತ್ತದೆಂದು ಕಾಯಬೇಡಿ. ತಿಂಗಳಿಗೊಮ್ಮೆ ಪಟ್ಟಿಯಿಂದ ಇಪ್ಪತ್ತು ಮಂದಿಗೆ ಸಂಚಾಲಕರು ಖುದ್ದಾಗಿ ಕರೆ ಮಾಡಿ, ನಿಮ್ಮಲ್ಲಿ ಯಾರಾದರೂ ಕೆಲಸ ಬಿಡುತ್ತಿದ್ದಾರೆಯೇ ಎಂದು ಕೇಳಬೇಕು. ‘ಉದ್ಯೋಗಾವಕಾಶ ಇದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವವರು, ಹೀಗೆ ಕೇಳಿದಾಗ ಪಕ್ಕದ ಮೇಜಿನವರ ರಾಜೀನಾಮೆ ನೆನಪಿಸಿಕೊಳ್ಳುತ್ತಾರೆ.

ಹಂತ 6: ಶಿಫಾರಸಿನ ಮರ್ಯಾದೆ

ದೊಡ್ಡ ಕಂಪನಿಗಳಲ್ಲಿ ನೌಕರರು ತಮಗೆ ಗೊತ್ತಿರುವವರನ್ನು ರೆಫರ್ ಮಾಡುವ ಅಧಿಕೃತ ವ್ಯವಸ್ಥೆಯಿದೆ. ಆಯ್ಕೆಯಾದರೆ ರೆಫರ್ ಮಾಡಿದವರಿಗೆ ಬೋನಸ್ ಕೊಡುವ ಕಂಪನಿಗಳೂ ಇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ರೆಫರ್ ಮಾಡಿದರೆ ಕೆಲಸ ಖಾತ್ರಿಯಾಯಿತೆಂದು ಮನೆಯವರು ಭಾವಿಸುತ್ತಾರೆ, ಆಗದಿದ್ದಾಗ ಹಿರಿಯರು ಕೈಕೊಟ್ಟರೆಂದು ಊರಲ್ಲಿ ಮಾತಾಗುತ್ತದೆ. ರೆಫರಲ್‌ನಿಂದ ಅರ್ಜಿ ನೇಮಕಾತಿ ಮಾಡುವವರ ಕಣ್ಣಿಗೆ ಬೀಳಬಹುದು, ಪರೀಕ್ಷೆ ಮತ್ತು ಸಂದರ್ಶನ ಅವರವರದೇ ಎಂಬುದನ್ನು ಲಿಖಿತವಾಗಿ ತಿಳಿಸಿ. ಸರ್ಕಾರಿ ಹುದ್ದೆಗಳಿಗೆ ಶಿಫಾರಸು ಎಂಬ ಮಾತೇ ಸಂಘದ ಗುಂಪಿನಲ್ಲಿ ಬರಬಾರದು. ಅಲ್ಲಿ ಸಂಘ ಕೊಡಬಹುದಾದದ್ದು ಅಧಿಸೂಚನೆಯ ವಿವರ, ಹಳೆಯ ಪ್ರಶ್ನೆಪತ್ರಿಕೆ ಮತ್ತು ತಯಾರಿಯ ಮಾತು ಮಾತ್ರ.

ಇನ್ನೊಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ಪರಿಚಯದ ಮೂಲಕ ಸಾಗುವ ಅವಕಾಶ ಜಾತಿ, ಹಾಸ್ಟೆಲ್, ಊರು ಎಂಬ ಹಳೆಯ ಕಾಲುದಾರಿಗಳಲ್ಲೇ ಹರಿಯಲು ನೋಡುತ್ತದೆ. ಆದ್ದರಿಂದ ಸಂಘಕ್ಕೆ ಬಂದ ಪ್ರತಿ ಹುದ್ದೆಯ ಸುದ್ದಿಯೂ ಎಲ್ಲರಿಗೂ ಕಾಣುವ ಗುಂಪಿನಲ್ಲಿ ಕನಿಷ್ಠ ಮೂರು ದಿನ ಇರಬೇಕು, ಅರ್ಜಿಗಳು ಸಂಚಾಲಕರ ಒಂದೇ ವಿಳಾಸಕ್ಕೆ ಬರಬೇಕು, ಕಳುಹಿಸಿದ ಎಲ್ಲರ ಹೆಸರೂ ದಾಖಲಾಗಬೇಕು.

ಹಂತ 7: ವಂಚನೆಯ ತಡೆ

ಹಳೆ ವಿದ್ಯಾರ್ಥಿಗಳ ಗುಂಪು ಎಂದರೆ ನಂಬಿಕೆ. ವಂಚಕರಿಗೆ ಬೇಕಾಗಿರುವುದೂ ಅದೇ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಭದ್ರತೆ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಆ ಸುದ್ದಿ ಗುಂಪಿಗೆ ಬರಬಾರದು. ಪರಿಶೀಲನೆಗೆ ಎರಡು ಕ್ರಮ ಸಾಕು: ಕಂಪನಿಯ ಅಧಿಕೃತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ನೋಡುವುದು, ಇಲ್ಲದಿದ್ದರೆ ಅಲ್ಲಿ ಕೆಲಸ ಮಾಡುವವರೊಬ್ಬರಿಗೆ ಕರೆ ಮಾಡಿ ಕೇಳುವುದು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ಕರೆ ಮಾಡಬೇಕು; ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವಿದೇಶದ ಕೆಲಸವಾದರೆ ಎಚ್ಚರ ಇಮ್ಮಡಿ ಇರಲಿ. 1983ರ ವಲಸೆ ಕಾಯ್ದೆಯಂತೆ ನೇಮಕಾತಿ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿತರಾಗಿರಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ಜಿಎಸ್‌ಟಿ ಬಿಟ್ಟು 30,000 ರೂಪಾಯಿಯ ಮಿತಿಯಿದೆ. ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ ಕಾಂಬೋಡಿಯಾಕ್ಕೆ, ಮ್ಯಾನ್ಮಾರ್‌ಗೆ ಕರೆದೊಯ್ದು ಸೈಬರ್ ವಂಚನೆಯ ಕೆಲಸಕ್ಕೆ ಕೂರಿಸಿದ ಪ್ರಕರಣಗಳಲ್ಲಿ ಭಾರತದ ಹಲವು ರಾಜ್ಯಗಳ ಯುವಕರು ಸಿಲುಕಿದ್ದಾರೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದು ಎಂಬ ಮಾತು ಕೇಳಿದ ಕೂಡಲೇ ಆ ಪ್ರಕಟಣೆಯನ್ನು ತಿರಸ್ಕರಿಸಿ.

ಹಂತ 8: ಹಳೆಯ ಬ್ಯಾಚಿನವರನ್ನೂ ಮರೆಯದಿರುವುದು

ಇಷ್ಟರವರೆಗೆ ಹೊಸ ಪದವೀಧರರ ಮಾತಾಯಿತು. ಸಂಘದ ಸದಸ್ಯರಲ್ಲಿ ಬಹುಪಾಲು ಅವರಲ್ಲ. ನಲವತ್ತರ ಆಸುಪಾಸಿನಲ್ಲಿ ಕಂಪನಿ ಮುಚ್ಚಿ ಮನೆಗೆ ಬಂದವರು, ಮದುವೆ ಮತ್ತು ಮಕ್ಕಳ ಕಾರಣಕ್ಕೆ ಕೆಲಸ ಬಿಟ್ಟು ಈಗ ಮರಳಬೇಕೆಂದಿರುವ ಮಹಿಳೆಯರು, ಬೆಂಗಳೂರು ಸಾಕಾಗಿ ಊರಿನ ಸಮೀಪ ಕೆಲಸ ಹುಡುಕುವವರು ಎಲ್ಲರಿಗೂ ಈ ಜಾಲ ಬೇಕು. ಆದರೆ ಅವರು ಸಾವಿರ ಮಂದಿಯ ಗುಂಪಿನಲ್ಲಿ ನನಗೆ ಕೆಲಸ ಹೋಯಿತು ಎಂದು ಬರೆಯುವುದಿಲ್ಲ, ಬರೆಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಗೋಪ್ಯವಾಗಿ ತಿಳಿಸಲು ಒಬ್ಬ ಹಿರಿಯ ಸದಸ್ಯರನ್ನು ನೇಮಿಸಿ, ಅವರ ಸಂಖ್ಯೆಯನ್ನು ಪ್ರತಿ ತಿಂಗಳೂ ನೆನಪಿಸಿ. ಇವರಿಗೆ ಬೇಕಾದ ಉಪನ್ಯಾಸಗಳೂ ಬೇರೆ: ಕೆಲಸ ಹೋದಾಗ ಗ್ರಾಚ್ಯುಟಿ ಮತ್ತು ಪಿಎಫ್ ಹಕ್ಕುಗಳೇನು, ಆರು ವರ್ಷದ ಬಿಡುವನ್ನು ರೆಸ್ಯೂಮೆಯಲ್ಲಿ ಹೇಗೆ ಬರೆಯಬೇಕು, ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲ ಕೇಳುವಾಗ ಯೋಜನಾ ವರದಿಯಲ್ಲಿ ಮ್ಯಾನೇಜರರು ಏನು ನೋಡುತ್ತಾರೆ. ಕೊನೆಯ ವಿಷಯಕ್ಕೆ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಅತ್ಯಂತ ಯೋಗ್ಯರು, ಅವರು ಒಪ್ಪದೇ ಇರುವುದು ಅಪರೂಪ.

ಹಂತ 9: ಹಣ, ಲೆಕ್ಕ, ಹಸ್ತಾಂತರ

ಮೇಲಿನ ಕೆಲಸಗಳಿಗೆ ಹೆಚ್ಚು ಹಣ ಬೇಡ. ಆನ್‌ಲೈನ್ ಸಭೆಯ ಚಂದಾ, ಅತಿಥಿಯ ಪ್ರಯಾಣ ವೆಚ್ಚ, ಸಂದರ್ಶನಕ್ಕೆ ಹೋಗುವ ಬಡ ವಿದ್ಯಾರ್ಥಿಗಳ ಬಸ್ ಖರ್ಚು, ಇಷ್ಟೇ. ಸದಸ್ಯತ್ವ ಶುಲ್ಕ ಹಗುರವಾಗಿರಲಿ, ಖಾತೆ ಸಂಘದ ಹೆಸರಿನಲ್ಲಿ ಇಬ್ಬರ ಜಂಟಿ ಸಹಿಯಲ್ಲಿರಲಿ. ದೇಣಿಗೆದಾರರಿಗೆ 80ಜಿ ವಿನಾಯಿತಿ ಕೊಡಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು. ವಿದೇಶದಿಂದ ಬರುವ ಹಣದ ವಿಷಯದಲ್ಲಿ ಒಂದು ಭೇದ ಗೊತ್ತಿರಬೇಕು: ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ಸದಸ್ಯರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು, ಅವರು ನಮ್ಮ ಊರಿನವರೇ ಆಗಿದ್ದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅಂಥವರಿಂದ ಹಣ ಪಡೆಯದೆ ಸಮಯವನ್ನಷ್ಟೇ ಕೇಳುವುದು ಜಾಣತನ. ಅಮೆರಿಕದಿಂದ ಬಂದ ಒಂದು ಅಣಕು ಸಂದರ್ಶನ, ನನ್ನ ದೃಷ್ಟಿಯಲ್ಲಿ, ಅಲ್ಲಿಂದ ಬಂದ ಪ್ರೊಜೆಕ್ಟರ್‌ಗಿಂತ ಹೆಚ್ಚು ಉಪಯುಕ್ತ.

ವಾರ್ಷಿಕ ಮಹಾಸಭೆಯಲ್ಲಿ ಆರ್ಥಿಕ ಲೆಕ್ಕದ ಜೊತೆಗೆ ಕೆಲಸದ ಲೆಕ್ಕವನ್ನೂ ಮಂಡಿಸಿ. ಉಪನ್ಯಾಸಗಳೆಷ್ಟು ಎಂಬುದಕ್ಕಿಂತ, ಎಷ್ಟು ಮಂದಿ ಉಪನ್ಯಾಸಕರ ಜೊತೆ ಎರಡನೇ ಸಲ ಮಾತನಾಡಿದರು, ಪ್ರಕಟಿಸಿದ ಹುದ್ದೆಗಳಲ್ಲಿ ಎಷ್ಟಕ್ಕೆ ಅರ್ಜಿ ಹೋಯಿತು, ಎಷ್ಟು ಮಂದಿ ಸಂದರ್ಶನ ತಲುಪಿದರು, ಸೇರಿದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಅಲ್ಲಿದ್ದಾರೆ ಎಂಬ ಅಂಕಿಗಳು ಹೆಚ್ಚು ಹೇಳುತ್ತವೆ. ಆರು ತಿಂಗಳೊಳಗೆ ಹಲವರು ಬಿಟ್ಟುಬಂದ ಕಂಪನಿಯ ಹೆಸರನ್ನು ಮುಂದಿನ ವರ್ಷದ ಪಟ್ಟಿಯಿಂದ ತೆಗೆಯುವ ಮುನ್ನ, ಬಿಟ್ಟುಬಂದವರಲ್ಲಿ ಇಬ್ಬರನ್ನಾದರೂ ಕೂರಿಸಿ ಕೇಳಿ. ಕೆಲವೊಮ್ಮೆ ಕಾರಣ ಕಂಪನಿಯಲ್ಲಿರುತ್ತದೆ, ಕೆಲವೊಮ್ಮೆ ನಾವು ಪ್ರಕಟಣೆಯಲ್ಲಿ ಹೇಳದೆ ಬಿಟ್ಟ ಪಾಳಿಯಲ್ಲಿ.

ಸೇರಿದವರನ್ನು ಆರು ತಿಂಗಳು ತುಂಬಿದ ದಿನವೇ ‘ಕೊಡುವವರ’ ಪಟ್ಟಿಗೆ ಸೇರಿಸಿ, ಮೊದಲ ಕೆಲಸವಾಗಿ ಒಬ್ಬ ಕಿರಿಯರ ರೆಸ್ಯೂಮೆ ತಿದ್ದಲು ಕೊಡಿ. ಇಮೇಲ್ ಖಾತೆ, ಆನ್‌ಲೈನ್ ಫಾರ್ಮ್‌ಗಳು, ವಾಟ್ಸಾಪ್ ಗುಂಪಿನ ಸಿಮ್ ಕಾರ್ಡ್ ಇವೆಲ್ಲ ವ್ಯಕ್ತಿಯ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿರಲಿ. ಎರಡು ವರ್ಷಕ್ಕೊಮ್ಮೆ ಮೂವರಲ್ಲಿ ಒಬ್ಬರು ಬದಲಾಗಲಿ, ಹೊರಡುವವರು ಹೊಸಬರ ಜೊತೆ ಎರಡು ತಿಂಗಳು ಕೂಡಿ ಕೆಲಸ ಮಾಡಿ, ಪಾಸ್‌ವರ್ಡ್‌ಗಳನ್ನೂ ಬ್ಯಾಚ್ ಪ್ರತಿನಿಧಿಗಳ ಪರಿಚಯವನ್ನೂ ಒಪ್ಪಿಸಿ ಹೋಗಲಿ.